ಹನ್ನೊಂದು ಸಲ ಕಂಬ ಹತ್ತಿದ ವರ್ಷ

ಕಳೆದ ಗುರುವಾರ ಒಂದು ಮೀನುದೋಣಿಯ ವೈರ್‌ಲೆಸ್ ಸರಿಮಾಡಲು ತದಡಿ ಬಂದರಿಗೆ ಹೋಗಿದ್ದೆ. ದಕ್ಕೆಯ ಆಚೆ ಹಳೆಯ ಮರದ ದೋಣಿಯೊಂದನ್ನು ಕವುಚಿ ಹಾಕಿ, ಪಕ್ಕದಲ್ಲಿ ಮೂರು ಕಲ್ಲಿನ ಒಲೆ ಹೂಡಿ, ತಗಡಿನ ಡಬ್ಬದಲ್ಲಿ ರಾಳವನ್ನು ಮೀನೆಣ್ಣೆಯ ಜೊತೆ ಕುದಿಸುತ್ತಿದ್ದರು. ದೇವರ ಕೋಣೆಯಲ್ಲಿ ಧೂಪ ಹಾಕಿದ ಹೊತ್ತಿಗೇ ಪಕ್ಕದಲ್ಲಿ ಯಾರೋ ಬಂಗಡೆ ಹುರಿದರೆ ಹೇಗಿರುತ್ತದೋ ಹಾಗಿನ ವಾಸನೆ. ಸ್ಕ್ರೂಡ್ರೈವರ್ ಹಿಡಿದ ನನ್ನ ಕೈ ಅಲ್ಲೇ ನಿಂತಿತು. “ಎಂತ ಆತು, ಶಾಕ್ ಹೊಡೀತಾ?” ಎಂದು ದೋಣಿಯವನು ಕೇಳಿದ. ಇಲ್ಲ ಎಂದೆ. ಮನೆಗೆ ಬಂದವಳೇ ಟ್ರಂಕಿನಿಂದ ಎರಡು ವರ್ಷದ ಹಿಂದಿನ ನೋಟ್‌ಬುಕ್ ತೆಗೆದೆ.

ನಾನು ಎಂಟನೇ ಇಯತ್ತೆಯಿಂದ ದಿನಚರಿ ಬರೆಯುತ್ತೇನೆ. ಅದರಲ್ಲಿ ಮನಸ್ಸಿನ ಮಾತು ಕಡಿಮೆ, ಲೆಕ್ಕ ಹೆಚ್ಚು. ಮಳೆ ಎಷ್ಟು ಹೊತ್ತಿಗೆ ಶುರುವಾಯಿತು, ನಮ್ಮೂರು ಹಿರೇಗುತ್ತಿಯಲ್ಲಿ ಹತ್ತಿದ ಬಸ್ಸು ಹೊನ್ನಾವರ ಮುಟ್ಟಲು ಎಷ್ಟು ನಿಮಿಷ ತೆಗೆದುಕೊಂಡಿತು, ಅವ್ವಿ ಎಷ್ಟು ಕಟ್ಟು ಹರಿವೆ ಕೊಯ್ದಳು, ಇಂಥವು. ಆ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಸಾಲಿದೆ: “ಕಂಬ ಹತ್ತಿದ್ದು 11 ಸಲ. ಅದರಲ್ಲಿ ದಂಡ 5.”

ಆಗ ನನಗೆ ಇಪ್ಪತ್ತೆರಡು ವರ್ಷ. ಕುಮಟಾದಲ್ಲಿ ಐಟಿಐ ಮುಗಿಸಿ, ಹೊನ್ನಾವರ ಹೊಳೆಯ ಆಚೆ ಕಾಸರಕೋಡಿನಲ್ಲಿ ಮೀನುದೋಣಿಗಳ ವೈರ್‌ಲೆಸ್ಸು, ಜಿಪಿಎಸ್ಸು ರಿಪೇರಿ ಮಾಡುವ ಅಂಗಡಿಗೆ ಸೇರಿ ಎಂಟು ತಿಂಗಳಾಗಿತ್ತು. ಅಂಗಡಿ ಭಟ್ಕಳದ ಇಲ್ಯಾಸ್ ಸಾಹೇಬರದು. ಅವರಿಗೆ ಯಂತ್ರಗಳ ಮೇಲೆ ಎಷ್ಟು ಪ್ರೀತಿಯೋ ಏಣಿಯ ಮೇಲೆ ಅಷ್ಟೇ ಭಯ. ಎರಡು ಮೆಟ್ಟಿಲು ಹತ್ತಿದರೂ ಅವರ ಮುಖ ಬಿಳಿಚಿಕೊಳ್ಳುತ್ತಿತ್ತು. ಹೀಗಾಗಿ ಅಂಗಡಿಯಲ್ಲಿ ನೆಲದ ಕೆಲಸ ಅವರದು, ಎತ್ತರದ ಕೆಲಸ ನನ್ನದು.

ಜುಲೈ ಮೂವತ್ತು, ಮಂಗಳವಾರ, ಬೆಳಿಗ್ಗೆ ಹತ್ತೂಕಾಲಿಗೆ ಕುಮಟಾದ ಪೈ ಮಾಮ ಕೊಡೆ ಮಡಚುತ್ತ ಅಂಗಡಿಯೊಳಗೆ ಬಂದರು. ಎಪ್ಪತ್ತು ವರ್ಷ, ಉದ್ದನೆ ಆಳು. ಮೂವತ್ತು ವರ್ಷ ದೊಡ್ಡ ಹಡಗುಗಳ ಇಂಜಿನ್ ಕೋಣೆಯಲ್ಲಿ ಇಂಜಿನಿಯರ್ ಆಗಿದ್ದವರು. ನಿವೃತ್ತಿಯಾದ ಮೇಲೆ ಗೋವಾದಿಂದ ಇಪ್ಪತ್ತೆಂಟು ಅಡಿಯ ಹಳೆಯ ಹಾಯಿದೋಣಿಯೊಂದನ್ನು ತಂದು, ಅದಕ್ಕೆ ‘ಚಂಪಾ’ ಎಂದು ಹೆಸರಿಟ್ಟು, ನಮ್ಮ ಅಂಗಡಿಯ ಹಿಂದೆ ಹೊಳೆಯಿಂದ ಕವಲೊಡೆದ ಕೋಡಿಯಲ್ಲಿ ಕಟ್ಟಿಕೊಂಡಿದ್ದರು. ಮೈ ಮರದ್ದು, ಹಾಯಿ ಕಟ್ಟುವ ಕಂಬ ಅಲ್ಯೂಮಿನಿಯಂನದು.

“ಕಂಬದ ತುದಿಯಲ್ಲಿ ಎಂತೆಂತ ಇದೆಯೋ ಎಲ್ಲಾ ತೆಗೆದು ಹೊಸಾದು ಹಾಕ್ಬೇಕು,” ಅಂದರು. “ಆಂಟೆನಾ, ದೀಪ, ಗಾಳಿ ಅಳೆಯೂದು, ರಾಟೆ, ಎಲ್ಲಾ.”

“ಎಂತಕ್ಕೆ ಇಷ್ಟು ಅವಸರ ಪೈ ಸಾಹೇಬ್ರೆ? ಮಳೆಗಾಲ ಮುಗೀಲಿ,” ಅಂದರು ಇಲ್ಯಾಸ್ ಸಾಹೇಬರು.

“ಅವಸರ ನನಗಲ್ಲ ಮಾರಾಯ್ರೆ. ಮನೆಯಲ್ಲಿ.”

ಕತೆ ಹೀಗಿತ್ತು. ಹಿಂದಿನ ವರ್ಷ ಅವರು ಒಬ್ಬರೇ ನೇತ್ರಾಣಿ ದ್ವೀಪದ ಕಡೆ ಹೋಗಿದ್ದರು. ಗಾಳಿ ಬಿದ್ದುಹೋಯಿತು, ಇಂಜಿನ್ ಹಿಡಿದುಕೊಂಡಿತು. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಹಳೆಯ ವೈರ್‌ಲೆಸ್ಸಿನಲ್ಲಿ ಗಂಟಲು ಹರಿದರೂ ಯಾರಿಗೂ ಕೇಳಲಿಲ್ಲ. ಮರುದಿನ ಮಧ್ಯಾಹ್ನ ಮಾವಳ್ಳಿಯ ಮೀನುಗಾರರು ಕಂಡು ಎಳೆದು ತಂದರು. ಅಲ್ಲಿಯವರೆಗೆ ಅವರ ಹೆಂಡತಿ ಶಾಲಿನಮ್ಮ ದಕ್ಕೆಯ ಮೇಲಿನ ಒಂದು ಕಲ್ಲಿನಿಂದ ಎದ್ದಿರಲಿಲ್ಲ. ಆಮೇಲೆ ಶರತ್ತು ಹಾಕಿದರು: ದೋಣಿ ನೇತ್ರಾಣಿಗೆ ಹೋಗಿ ಬರಬೇಕು, ಹೋಗುವಾಗಲೂ ಬರುವಾಗಲೂ ಅರ್ಧರ್ಧ ಗಂಟೆಗೆ ಗಂಡನ ದನಿ ಹೊನ್ನಾವರದಲ್ಲಿ ತನ್ನ ಕಿವಿಗೆ ಕೇಳಬೇಕು. ಕಾರ್ತಿಕ ಹುಣ್ಣಿಮೆಯೊಳಗೆ ಇದು ಆಗದಿದ್ದರೆ ದೋಣಿಯನ್ನು ಗೋವಾದ ಗಿರಾಕಿಗೆ ಕೊಟ್ಟುಬಿಡಬೇಕು. ಪೈ ಮಾಮ ಒಪ್ಪಿ ಮಾತು ಕೊಟ್ಟಿದ್ದರು.

ಆಂಟೆನಾ ಕಂಬದ ತುದಿಯಲ್ಲೇ ಯಾಕಿರಬೇಕು ಎಂದು ನಾನು ಕೇಳಿದೆ. ಇಲ್ಯಾಸ್ ಸಾಹೇಬರು ಮೇಜಿನ ಮೇಲಿದ್ದ ಮೂಸಂಬಿಗೆ ಎರಡು ಗುಂಡುಸೂಜಿ ಚುಚ್ಚಿದರು. “ಸಮುದ್ರ ಚಪ್ಪಟೆ ಅಲ್ಲಮ್ಮ. ಗಿಡ್ಡ ಸೂಜಿ ಆದ್ರೆ ಹಣ್ಣಿನ ಹೊಟ್ಟೆ ಅಡ್ಡ ಬರ್ತದೆ. ಉದ್ದ ಸೂಜಿ ಆದ್ರೆ ಒಂದಕ್ಕೊಂದು ಕಾಣ್ತದೆ. ಕಂಡ್ರೆ ಮಾತು.” ನಮ್ಮ ಅಂಗಡಿಯ ಆಂಟೆನಾ ಪಕ್ಕದ ಐಸ್ ಫ್ಯಾಕ್ಟರಿಯ ನೀರಿನ ಟಾಕಿಯ ಮೇಲಿತ್ತು. ಇನ್ನೊಂದು ಸೂಜಿ ‘ಚಂಪಾ’ದ ಕಂಬ. ನೀರಿನಿಂದ ತುದಿಗೆ ನಲವತ್ತು ಅಡಿ, ನಾನೇ ಹಗ್ಗ ಬಿಟ್ಟು ಅಳೆದದ್ದು.

ಮೊದಲ ಸಲ ಹತ್ತಿದ್ದು ಆಗಸ್ಟ್ ಹನ್ನೊಂದಕ್ಕೆ, ಎರಡು ಮಳೆಯ ನಡುವೆ. ಹತ್ತಿದೆ ಅನ್ನುವುದು ಸರಿಯಲ್ಲ, ನನ್ನನ್ನು ಎತ್ತಿದರು. ದೋಣಿಯ ಮರದ ಕೆಲಸ ನೋಡಿಕೊಳ್ಳುತ್ತಿದ್ದವರು ಪಾಂಡು ತಾಂಡೇಲರು. ಪೈ ಮಾಮನದೇ ವಯಸ್ಸು. ಹುಡುಗನಾಗಿದ್ದಾಗಲೇ ಹೆಂಚು ತುಂಬಿದ ಹಾಯಿಹಡಗುಗಳಲ್ಲಿ ಮುಂಬಯಿಯವರೆಗೆ ಹೋಗಿ ಬಂದವರು. ಅವರು ಒಂದು ಊಟದ ಮಣೆಗೆ ನಾಲ್ಕು ತೂತು ಕೊರೆದು, ಹಗ್ಗ ಪೋಣಿಸಿ, ಉಯ್ಯಾಲೆಯ ಹಾಗೆ ಮಾಡಿದ್ದರು. ಹಾಯಿ ಎತ್ತುವ ಹಗ್ಗಕ್ಕೆ ಅದನ್ನು ಬಿಗಿದು, ಇನ್ನೊಂದು ಹಗ್ಗ ನನ್ನ ಸೊಂಟಕ್ಕೆ ಕಟ್ಟಿದರು. ಸ್ಕ್ರೂಡ್ರೈವರು, ಇಕ್ಕಳ, ಟೇಪು, ಎಲ್ಲದಕ್ಕೂ ಒಂದೊಂದು ದಾರ ಕಟ್ಟಿ ನನ್ನ ಕುತ್ತಿಗೆಗೆ ಹಾಕಿದರು.

“ಕೆಳಗೆ ನೋಡ್ಬೇಡ ಅಂತ ಎಲ್ಲಾ ಹೇಳ್ತ್ರು ತಂಗಿ. ನಾ ಹೇಳೂದು, ನೋಡು. ನೋಡಿದ್ರೆ ಗೊತ್ತಾತದೆ, ನಾ ಹಗ್ಗ ಬಿಡ್ಲಿಲ್ಲ ಅಂತ.”

ಏಳು ನಿಮಿಷದಲ್ಲಿ ತುದಿ ಮುಟ್ಟಿದೆ. ಅಲ್ಲಿ ನಾನು ಮೊದಲು ಮಾಡಿದ್ದು ಮೂಸಂಬಿಯ ಪರೀಕ್ಷೆ. ಕೆಳಗಿನಿಂದ ನೋಡುವಾಗ ದೂರದ ದೋಣಿಯೊಂದರ ಮೇಲಿನ ಅರ್ಧ ಮಾತ್ರ ಕಂಡಿತ್ತು. ಮೇಲಿನಿಂದ ಅದರ ಹೊಟ್ಟೆಯೂ, ಹೊಟ್ಟೆಯ ಕೆಳಗಿನ ಬಿಳಿ ನೊರೆಯೂ ಕಂಡಿತು. ಸಾಹೇಬರು ಹೇಳಿದ್ದು ಸುಳ್ಳಲ್ಲ. ಶರಾವತಿ ಸಮುದ್ರ ಸೇರುವಲ್ಲಿ ಮಣ್ಣಿನ ಬಣ್ಣ ಹಸಿರಿನೊಳಗೆ ಎಲ್ಲಿಯವರೆಗೆ ಹೋಗಿ ನಿಲ್ಲುತ್ತದೆ ಎಂಬುದು ಗೆರೆ ಎಳೆದಂತೆ ಕಾಣುತ್ತಿತ್ತು. ಆ ಹೊತ್ತಿಗೆ ಕೆಳಗೆ ಒಂದು ಚಿಕ್ಕ ಪಾತಿದೋಣಿ ಹಾದುಹೋಯಿತು. ಅದರ ಅಲೆಗೆ ‘ಚಂಪಾ’ ಬೆರಳಷ್ಟು ಅಲುಗಿದರೆ ನಾನು ಮೇಲೆ ಒಂದು ಮಾರು ಆಚೆ ಹೋಗಿ ಈಚೆ ಬಂದೆ. ಕಂಬವನ್ನು ತಬ್ಬಿಕೊಂಡೆ. ತಾಂಡೇಲರು ಕೆಳಗಿನಿಂದ, “ಅದಕ್ಕೆ ಮುತ್ತು ಕೊಡ್ಬೇಡ ಮಾರಾಯ್ತಿ, ಉಪ್ಪು ಇರ್ತದೆ!” ಎಂದು ಕೂಗಿದರು.

ತುದಿಯಲ್ಲಿ ಕಂಡದ್ದನ್ನು ಹಾಗೇ ಬರೆದಿದ್ದೇನೆ: ದೀಪದ ಒಳಗೆ ಕಣಜದ ಮಣ್ಣುಗೂಡು ಒಂದು. ಗಾಳಿಯ ವೇಗ ಅಳೆಯುವ ಮೂರು ಬಟ್ಟಲುಗಳಲ್ಲಿ ಉಳಿದದ್ದು ಒಂದು. ರಾಟೆಯ ಅಂಚು ಸವೆದು ಬ್ಲೇಡಿನಂತಾಗಿದೆ. ಆಂಟೆನಾದ ಬುಡ ಬಿಚ್ಚಿದರೆ ತಾಮ್ರವೆಲ್ಲ ಹಸಿರು ಪುಡಿ. ಹಿಂದಿನ ವರ್ಷ ಪೈ ಮಾಮನ ದನಿ ಎಲ್ಲಿ ಸತ್ತಿತ್ತು ಎಂಬುದು ಗೊತ್ತಾಯಿತು.

ಮರುದಿನ ಅಂಗಡಿಗೆ ಶಾಲಿನಮ್ಮನ ಫೋನು ಬಂತು. ನಾನೇ ಎತ್ತಿದೆ.

“ನಮ್ಮ ಮನೆಯ ಮಣೆ ಒಂದು ಕಡಿಮೆ ಇದೆ. ಅಲ್ಲಿದೆಯಾ?”

“ಇದೆ ಅಮ್ಮ. ನಾನು ಅದರ ಮೇಲೇ ಕೂತು...”

“ಮೊಮ್ಮಗನ ಅನ್ನಪ್ರಾಶನಕ್ಕೆ ತೆಗೆಸಿದ ಹಲಸಿನ ಮಣೆ ಅದು. ಇರಲಿ, ಗಟ್ಟಿ ಇದೆ, ನೀನು ಬೀಳೂದಿಲ್ಲ.” ಆಮೇಲೆ ಕೇಳಿದರು, “ಚಂಪಾ ಯಾರು ಅಂತ ಅವರು ನಿನಗಾದರೂ ಹೇಳಿದ್ರಾ?”

ಸೆಪ್ಟೆಂಬರ್ ಮೊದಲ ವಾರದೊಳಗೆ ಐದು ಸಲ ಹತ್ತಿ ಇಳಿದೆ. ಹಳೆಯ ತಂತಿಯ ತುದಿಗೆ ಹೊಸದನ್ನು ಕಟ್ಟಿ ಕೆಳಗಿನಿಂದ ಎಳೆದರೆ ಟೊಳ್ಳು ಕಂಬದೊಳಗೆ ಹೊಸ ತಂತಿ ತಾನಾಗಿ ಇಳಿದು ಬರುತ್ತದೆ. ನಾನು ಹಾಕಿದ ಗಂಟು ದಪ್ಪವಾಗಿ ಅರ್ಧದಲ್ಲೇ ಸಿಕ್ಕಿಕೊಂಡಿತು. ಮತ್ತೆ ಮೇಲೆಳೆದು, ಎರಡನ್ನೂ ಒಂದೇ ಗಾತ್ರಕ್ಕೆ ಹೊಲಿಯುವುದನ್ನು ತಾಂಡೇಲರು ತೋರಿಸಿಕೊಟ್ಟರು. ಹೊಸ ಆಂಟೆನಾ ಬಂತು, ಎಲ್‌ಇಡಿ ದೀಪ ಬಂತು, ಗಾಳಿಯ ದಿಕ್ಕು ತೋರಿಸುವ ಕಪ್ಪು ಬಾಣವೊಂದು, ಹೊಸ ರಾಟೆಗಳು. ಕಂಬದ ಬುಡದಲ್ಲಿ ಹೊರಬಂದ ತಂತಿ, ಪಕ್ಕದಲ್ಲೇ ಡೆಕ್ಕಿನ ಹಲಗೆಯಲ್ಲಿದ್ದ ಒಂದು ತೂತಿನಿಂದ ಒಳಗಿಳಿದು ವೈರ್‌ಲೆಸ್ ಸೇರುತ್ತಿತ್ತು. ಆ ತೂತಿಗೆ ನಾನು ಟ್ಯೂಬಿನಲ್ಲಿ ಬರುವ ಬಿಳಿ ಗೋಂದು ಹಚ್ಚಿದೆ. ತಾಂಡೇಲರು ಅದನ್ನು ಬೆರಳಿನಿಂದ ಒತ್ತಿ ನೋಡಿ, ಮೂಸಿ ನೋಡಿ, ಬೆರಳನ್ನು ಪಂಚೆಗೆ ಒರೆಸಿಕೊಂಡರು. ನಮ್ಮಿಬ್ಬರ ನಡುವೆ ಮೊದಲೇ ಒಪ್ಪಂದವಾಗಿತ್ತು: ಮರ ಅವರದು, ತಂತಿ ನನ್ನದು, ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಕೈ ಹಾಕುವುದಿಲ್ಲ.

ಚೌತಿಗೆ ಮೂರು ದಿನ ರಜೆ ಹಾಕಿ ಹಿರೇಗುತ್ತಿಯ ಮನೆಯಲ್ಲೇ ಇದ್ದೆ. ತಿರುಗಿ ಬಂದ ದಿನ ಹೀಗೆ ಬರೆದಿದ್ದೇನೆ: “ಡೆಕ್ಕು ಹೊಸತಾಗಿ ಹೊಳೆಯುತ್ತಿದೆ. ತಾಂಡೇಲರು ಎಣ್ಣೆ, ಬಣ್ಣ ಎಲ್ಲ ಮಾಡಿದ್ದಾರೆ. ವಾಸನೆ ವಿಪರೀತ.” ಅಷ್ಟೇ. ತಂತಿಯಲ್ಲಿ ದೋಷವಿದ್ದರೆ ಮುಳ್ಳು ಮೇಲೇರುವ ಮೀಟರನ್ನು ವೈರ್‌ಲೆಸ್ಸಿಗೆ ಹಚ್ಚಿ ನೋಡಿದೆ, ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು.

ಮಳೆ ಹಿಂದೆ ಸರಿದು ಸಮುದ್ರ ತಣ್ಣಗಾದ ಮೇಲೆ ಪರೀಕ್ಷೆ ಶುರುವಾಯಿತು. ಅಕ್ಟೋಬರ್ ಆರು, ಭಾನುವಾರ. ಪೈ ಮಾಮ ಮತ್ತು ತಾಂಡೇಲರು ದೋಣಿಯಲ್ಲಿ, ನಾನು ಅಂಗಡಿಯ ಸೆಟ್ಟಿನ ಎದುರು. ಹನ್ನೊಂದೂವರೆಗೆ ಪಡುವಣ ಗಾಳಿ ಹಿಡಿದು ದಕ್ಷಿಣಕ್ಕೆ ಹೊರಟರು. ಅರ್ಧರ್ಧ ಗಂಟೆಗೆ ಒಂದು ಕರೆ. ಐದು ಕರೆಗಳೂ ಗಾಜಿನಷ್ಟು ಸ್ವಚ್ಛ. ಐದನೆಯದು ಮುರ್ಡೇಶ್ವರದ ನೇರಕ್ಕೆ. ಅಲ್ಲಿಂದ ತಿರುಗಿದರು. ಆಮೇಲೆ ಮೂರು ಕರೆಯ ಹೊತ್ತಿಗೂ ಬರೀ ಗರಗರ. ನಾಲ್ಕನೆಯದಕ್ಕೆ ಹಾಯಿ ಇಳಿಸಿ, ಇಂಜಿನ್ ಹಾಕಿಕೊಂಡು ಹೊಳೆಯ ಬಾಯಿಗೆ ಬಂದಿದ್ದರು. ಆಗ ಕೇಳಿತು.

ದೂರ ಹೋಗುವಾಗ ಕೇಳಿದ್ದು ಹತ್ತಿರ ಬರುವಾಗ ಕೇಳುವುದಿಲ್ಲ! ನನಗೆ ಬೇಸರಕ್ಕಿಂತ ಕುತೂಹಲವೇ ಹೆಚ್ಚಾಯಿತು. ಕಂಬದ ತುದಿಯಲ್ಲೇ ಏನೋ ಸಡಿಲವಿರಬೇಕೆಂದು ಮೂರು ಸಲ ಹತ್ತಿ, ಆಂಟೆನಾದ ಜೋಡಣೆಯನ್ನು ಬಿಚ್ಚಿ ಹೊಸದಾಗಿ ಮಾಡಿದೆ. ಮೀಟರಿನ ಮುಳ್ಳು ಮೊದಲೂ ಸರಿ ಇತ್ತು, ಆಮೇಲೂ ಸರಿ ಇತ್ತು.

ಅಕ್ಟೋಬರ್ ಹದಿಮೂರರಂದು ಬೆಳಿಗ್ಗೆ ಒಂಬತ್ತಕ್ಕೇ ಹೊರಟರು. ಈ ಸಲ ಹೋಗುವಾಗಲೇ ನಾಲ್ಕು ಕರೆ ಇಲ್ಲ. ಹನ್ನೊಂದರ ಹೊತ್ತಿಗೆ ಗಾಳಿ ನಿಂತು ಇಂಜಿನ್ ಹಾಕಿದಾಗ ಎರಡು ಕೇಳಿತು. ಮಧ್ಯಾಹ್ನ ಹಾಯಿ ಬಿಚ್ಚಿ ತಿರುಗಿ ಬರುವಾಗ ಮೂರು ಇಲ್ಲ. ಹೊಳೆಬಾಯಲ್ಲಿ ಒಂದು ಕೇಳಿತು. ಇಂಜಿನ್ ಹಾಕಿದಾಗ ಬ್ಯಾಟರಿಗೆ ಬಲ ಬರುತ್ತದೆ, ಅದೇ ಕಾರಣ ಅಂದರು ಇಲ್ಯಾಸ್ ಸಾಹೇಬರು. ಹಾಗಾದರೆ ಮೊದಲ ವಾರ ಇಂಜಿನ್ ಇಲ್ಲದೇ ಐದು ಕೇಳಿತಲ್ಲ ಅಂದೆ. ಬಿಸಿಲು ಇರಬಹುದು ಅಂದರು. ನಾನು ಮತ್ತೆ ಎರಡು ಸಲ ಹತ್ತಿ ಆಂಟೆನಾವನ್ನೇ ಬದಲಿಸಿದೆ.

ಆ ವಾರ ಪೈ ಮಾಮ ಅಂಗಡಿಗೆ ಬಂದರು. “ಗೋವಾದಿಂದ ಫೋನ್ ಬಂದಿತ್ತು,” ಅಂದರು. “ಹುಣ್ಣಿಮೆ ಮಾರನೇ ದಿನ ಬರ್ತೇನೆ ಅಂತ ಹೇಳ್ತಾನೆ.” ಕಿಟಕಿಯಿಂದ ಕಂಬದ ತುದಿಯನ್ನೇ ನೋಡುತ್ತ ಚಹಾ ತಣ್ಣಗಾಗುವವರೆಗೆ ಕೂತಿದ್ದು ಹೋದರು.

ಮೂರನೆಯ ಪರೀಕ್ಷೆಗೆ, ಅಕ್ಟೋಬರ್ ಇಪ್ಪತ್ತಕ್ಕೆ, ನಾನೇ ದೋಣಿಯಲ್ಲಿ ಹೋದೆ. ನೋಟ್‌ಬುಕ್ಕಿನಲ್ಲಿ ಆರು ಕಲಂ ಹಾಕಿಕೊಂಡೆ: ಸಮಯ, ಜಾಗ, ಮೋಡ, ಹಾಯಿ, ಇಂಜಿನ್, ಫಲ. ಏಳನೆಯದು ತಾನಾಗಿಯೇ ಸೇರಿಕೊಂಡಿತು. ಹಿರೇಗುತ್ತಿಯ ಗದ್ದೆಯಲ್ಲಿ ಬೆಳೆದ ನನಗೆ ಸಮುದ್ರ ಒಗ್ಗಲಿಲ್ಲ. ನಾಲ್ಕು ಸಲ ವಾಂತಿಯಾಯಿತು. ಎಲ್ಲವನ್ನೂ ಬರೆಯುವ ಚಟ ಇದನ್ನೂ ಬಿಡಲಿಲ್ಲ: “ವಾಂತಿ, ಎಡಬದಿ. ವಾಂತಿ, ಬಲಬದಿ.”

“ಅದನ್ನೂ ಬರೀತ್ಯಾ?” ಎಂದು ತಾಂಡೇಲರು ಬಾಯಿ ಬಿಟ್ಟು ನೋಡಿದರು. “ಪೈ ಮಾಮ, ಹುಷಾರಿ. ನಾವು ಕೆಮ್ಮಿದ್ದೂ ದಫ್ತರಕ್ಕೆ ಹೋತದೆ.”

ಮರುದಿನ ಅಂಗಡಿಯ ಪಟ್ಟಿಯನ್ನೂ ನನ್ನ ಪಟ್ಟಿಯನ್ನೂ ತಾಳೆ ನೋಡುತ್ತ ಬಸ್ಸಿನಲ್ಲಿ ಕೂತಿದ್ದೆ. ಮತ್ತೆ ಅದೇ: ಹೋಗುವಾಗ ಮೂರು ಕೇಳಿದೆ, ಬರುವಾಗ ನಾಲ್ಕು ಇಲ್ಲ, ಹೊಳೆಬಾಯಲ್ಲಿ ಒಂದು ಕೇಳಿದೆ. ಹಳದೀಪುರದಲ್ಲಿ ಬಸ್ಸು ಜನ ಹತ್ತಿಸಲು ಡಾಂಬರು ಬಿಟ್ಟು ಮಣ್ಣಿಗೆ ಇಳಿದು ಒಂದು ಬದಿಗೆ ವಾಲಿತು. ಪಕ್ಕದಲ್ಲಿ ಕೂತ ಹೆಂಗಸು ತನ್ನ ಮೀನಿನ ಬುಟ್ಟಿ ಸಮೇತ ನನ್ನ ಮೇಲೆ ಬಂದಳು. ನನಗೆ ತಟ್ಟನೆ ನಿನ್ನೆಯ ಹೊಟ್ಟೆತೊಳಸು ನೆನಪಾಯಿತು. ವಾಂತಿ ಮಾಡುವವರು ದೋಣಿ ಯಾವ ಬದಿಗೆ ವಾಲಿದೆಯೋ ಆ ಬದಿಗೇ ಬಗ್ಗುತ್ತಾರೆ. ಏಳನೆಯ ಕಲಂ ನೋಡಿದೆ. ಎಡಕ್ಕೆ ವಾಂತಿಯಾದ ಹೊತ್ತಿನ ಕರೆ ಕೇಳಿದೆ. ಬಲಕ್ಕೆ ಆದ ಮೂರೂ ಹೊತ್ತಿನ ಕರೆ ಕೇಳಿಲ್ಲ.

ಪೆನ್ಸಿಲ್ ತೆಗೆದು ಹಿಂದಿನ ಎರಡು ಪರೀಕ್ಷೆಗಳನ್ನೂ ಲೆಕ್ಕ ಹಾಕಿದೆ. ದಕ್ಷಿಣಕ್ಕೆ ಹೋಗುವಾಗ ಪಡುವಣ ಗಾಳಿಯಿದ್ದರೆ ದೋಣಿ ಎಡಕ್ಕೆ ವಾಲುತ್ತದೆ, ಅದೇ ಗಾಳಿಯಲ್ಲಿ ತಿರುಗಿ ಬರುವಾಗ ಬಲಕ್ಕೆ. ಬೆಳಗಿನ ಗಾಳಿ ನೆಲದಿಂದ ಬೀಸುವುದರಿಂದ ಎರಡನೆಯ ವಾರ ಹೋಗುವಾಗಲೂ ಬಲಕ್ಕೇ. ಇಂಜಿನ್ ಹಾಕಿದಾಗ ನೆಟ್ಟಗೆ. ಮೂರೂ ದಿನ ಸೇರಿ ಹದಿನಾಲ್ಕು ‘ಇಲ್ಲ’, ಹದಿನಾಲ್ಕೂ ಬಲ. ಹದಿಮೂರು ‘ಕೇಳಿತು’, ಒಂದೂ ಬಲ ಇಲ್ಲ. ಕಾಸರಕೋಡಿನಲ್ಲಿ ಇಳಿದವಳು ಅಂಗಡಿಗೂ ಹೋಗದೆ ಕೋಡಿಯ ಕಡೆ ಓಡಿದೆ.

ತಾಂಡೇಲರಿಗೆ ಓದು ಬಾರದು. ನೋಟ್‌ಬುಕ್ಕಿನ ಖಾಲಿ ಹಾಳೆಯಲ್ಲಿ ದೋಣಿಯ ಚಿತ್ರ ಬರೆದು, ಎರಡೂ ಬದಿಗೆ ಕಡ್ಡಿ ಎಳೆದು ತೋರಿಸಿದೆ. ಅವರು ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ಎಣಿಸಿದರು.

“ಕೋಡಿಯಲ್ಲಿ ಇದು ಗೊತ್ತಾಗೂದೇ ಇಲ್ಲ ನೋಡು,” ಅಂದರು. “ಇಲ್ಲಿ ನೀರಿಳಿದ್ರೆ ದೋಣಿ ಕೆಸರಲ್ಲಿ ಎಡಕ್ಕೆ ಕೂತ್ಕಳ್ತದೆ.”

“ಬಲಕ್ಕೆ ವಾಲಿಸಿ ನೋಡ್ಬೇಕು. ಅದಕ್ಕೆ ಮತ್ತೆ ಸಮುದ್ರಕ್ಕೆ ಹೋಗ್ಬೇಕಲ್ಲ.”

“ಸಮುದ್ರ ಎಂತಕ್ಕೆ? ತೆಂಗಿನ ಮರ ಸಾಕು.”

ಭರತದ ನೀರೇರಿ ಕೋಡಿ ತುಂಬುವವರೆಗೆ ಕಾದೆವು. ಹಾಯಿ ಎತ್ತುವ ಹಗ್ಗದ ಒಂದು ತುದಿ ಕಂಬದ ತಲೆಯಲ್ಲೇ ಇತ್ತು. ಇನ್ನೊಂದನ್ನು ಬಲದಡದ ತೆಂಗಿನ ಮರಕ್ಕೆ ಸುತ್ತಿ, ರಾಟೆ ಹಾಕಿ, ಇಬ್ಬರೂ ಜಗ್ಗಿದೆವು. ‘ಚಂಪಾ’ ನಿಧಾನವಾಗಿ ಬಲಕ್ಕೆ ಬಾಗಿತು. ನಾನು ಒಳಗಿಳಿದು ವೈರ್‌ಲೆಸ್ಸಿನ ಗುಂಡಿ ಒತ್ತಿ ಮೀಟರ್ ನೋಡಿದೆ. ಇಷ್ಟು ದಿನ ಸಂಭಾವಿತನಂತಿದ್ದ ಮುಳ್ಳು ಒಮ್ಮೆಲೇ ಆ ತುದಿಗೆ ಹಾರಿತು. ಸಡಿಲಿಸಿದರೆ ಇಳಿಯಿತು. ಜಗ್ಗಿದರೆ ಹಾರಿತು. ಖುಷಿಯಲ್ಲಿ ಕೂಗಿದೆ.

ಹೊರಗೆ ಬಂದು ನೋಡಿದರೆ ತಾಂಡೇಲರು ಕಂಬದ ಬುಡದಲ್ಲಿ ಕಿವಿಯಿಟ್ಟು ಕೂತಿದ್ದರು. “ಕೇಳು,” ಅಂದರು. ಹಗ್ಗವನ್ನು ಕಾಲಿನಿಂದ ಒತ್ತಿದಾಗಲೆಲ್ಲ ಬುಡದಲ್ಲಿ ಸಣ್ಣಗೆ ಕುಟ್, ಕುಟ್ ಎನ್ನುತ್ತಿತ್ತು. “ಕಂಬ ಬುಡದಲ್ಲಿ ಒಂದು ಬೆರಳು ಆಡ್ತದೆ. ಆಡ್ಬೇಕು, ಇಲ್ಲಾದ್ರೆ ಮುರೀತದೆ. ಅದ್ರ ಜೊತೆ ನಿನ್ನ ತಂತಿನೂ ಆಡ್ಬೇಕಾಗಿತ್ತು.” ಸ್ವಲ್ಪ ಹೊತ್ತು ತಂತಿ ಡೆಕ್ಕಿನೊಳಗೆ ಇಳಿಯುವ ಆ ತೂತನ್ನೇ ನೋಡಿದರು. ಆಮೇಲೆ ಎದ್ದು ಉಳಿ ತಂದರು.

ಹಳದಿ ಬಣ್ಣದ ಪದರ ಎದ್ದಿತು. ಅದರ ಕೆಳಗೆ ಜೇನಿನ ಬಣ್ಣದ, ಕಲ್ಲಿನಂತೆ ಗಟ್ಟಿಯಾದ ರಾಳ. ನನ್ನ ಬಿಳಿ ಗೋಂದು ಒಂದು ಚೂರೂ ಇರಲಿಲ್ಲ.

“ಚೌತಿಗೆ ನೀ ಇಲ್ಲದಾಗ,” ಅಂದರು, ನನ್ನ ಮುಖ ನೋಡದೆ. “ಆ ಬಿಳೀದು ನಂಗೆ ಸರಿ ಕಾಣ್ಲಿಲ್ಲ. ಮೂಸಿದ್ರೆ ವಾಸನೆಯೇ ಇಲ್ಲ. ವಾಸನೆ ಇಲ್ಲದ್ದು ನೀರು ತಡೀತದಾ? ತೂತು ಮರದಲ್ಲಿತ್ತು. ಮರ ನಂದು ಅಂತ ಹತ್ತಿ ತುರುಕಿ, ರಾಳ ಕುದಿಸಿ ಹೊಯ್ದೆ. ನಮ್ಮಪ್ಪ ಮಾಡ್ತಿದ್ದ ಹಾಗೇ.”

ಕುದಿಯುವ ರಾಳ ತಂತಿಯ ಕಪ್ಪು ಸಿಪ್ಪೆಯನ್ನು ಕರಗಿಸಿತ್ತು. ಅದರೊಳಗಿನ ಬಿಳಿ ಪ್ಲಾಸ್ಟಿಕ್ಕು ಬೆಣ್ಣೆಯಂತೆ ಹರಿದು, ನಡುವಿನ ತಾಮ್ರದ ಎಳೆ ಹೊರಗಿನ ಜಾಲರಿಗೆ ಕೂದಲೆಳೆಯಷ್ಟು ಹತ್ತಿರ ಬಂದು ನಿಂತಿತ್ತು. ಎಡಕ್ಕೆ ವಾಲಿದರೆ ಮುಟ್ಟದು, ಬಲಕ್ಕೆ ವಾಲಿದರೆ ಮುಟ್ಟುವುದು. ಅಕ್ಟೋಬರ್ ಪೂರ್ತಿ ನಾವು ತಲೆ ಎತ್ತಿ ನಲವತ್ತು ಅಡಿ ಮೇಲೆ ಹುಡುಕಿದ್ದು ನಮ್ಮ ಹೆಬ್ಬೆರಳಿನ ಪಕ್ಕದಲ್ಲಿತ್ತು. ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ. ಆ ತೂತಿನ ಮೇಲೆ ಬಣ್ಣ ಬಂದದ್ದನ್ನು ನಾನೂ ನೋಡಿದ್ದೆ; ಮರ ಅವರದು ಎಂದು ಬಗ್ಗಿ ನೋಡಿರಲಿಲ್ಲ.

“ಪೈ ಮಾಮನಿಗೆ ತಂತಿ ಸುಟ್ಟಿತ್ತು ಅಂತ ಹೇಳಿದರೆ ಸಾಕು,” ಅಂದೆ.

“ಬ್ಯಾಡ. ನೀ ವಾಂತಿನೂ ಬಿಡದೆ ಬರೆದವಳು. ಈಗ ಸುಳ್ಳು ಬರೀಬೇಡ.” ಆ ಸಂಜೆಯೇ ಬಸ್ಸು ಹತ್ತಿ ಕುಮಟಾಕ್ಕೆ ಹೋದರು. ಏನು ಹೇಳಿದರೆಂದು ಮರುದಿನ ಪೈ ಮಾಮನೇ ನನಗೆ ಹೇಳಿದರು. ಬಾಗಿಲಲ್ಲೇ ನಿಂತು, “ನಿಮ್ಮ ದೋಣಿ ಮಾರೂಕೆ ಹೊರಟದ್ದು ನಾನೇ,” ಅಂದರಂತೆ. ಪೈ ಮಾಮ ಅವರನ್ನು ಒಳಗೆ ಕರೆದು ಕೂರಿಸಿ, “ಮೂವತ್ತು ವರ್ಷ ಹಡಗಿನ ಹೊಟ್ಟೆಯೊಳಗೆ ಕೆಲಸ ಮಾಡಿದ ನಾನು ಬುಡ ನೋಡ್ಲಿಲ್ಲ, ಆಕಾಶ ನೋಡಿದೆ. ನಿನ್ನದು ಎಂತ ದೊಡ್ಡದು?” ಎಂದರಂತೆ.

ಹೊಸ ತಂತಿ ಮಂಗಳೂರಿನಿಂದ ಬರುವಷ್ಟರಲ್ಲಿ ದೀಪಾವಳಿ ಕಳೆಯಿತು. ನವೆಂಬರ್ ಎಂಟಕ್ಕೆ ಹನ್ನೊಂದನೆಯ ಸಲ ಹತ್ತಿದೆ. ಈ ಸಲ ತೂತಿಗೆ ಕೊಡೆಯ ಹಿಡಿಯಂತೆ ಬಗ್ಗಿದ ಕೊಳವೆ ಕೂರಿಸಿದೆವು. ತಂತಿ ಅದರೊಳಗೆ ಸಡಿಲಾಗಿ ಆಡಿಕೊಂಡಿತ್ತು. ಕೊಳವೆಯ ಸುತ್ತಲಿನ ಮರಕ್ಕೆ ರಾಳ, ಕೊಳವೆಯ ಬಾಯಿಗೆ ಬಿಳಿ ಗೋಂದು. ಒಬ್ಬರು ಹಚ್ಚುವಾಗ ಇನ್ನೊಬ್ಬರು ಪಕ್ಕದಲ್ಲಿ ಕೂತು ನೋಡಿದೆವು.

ಹುಣ್ಣಿಮೆಗೆ ಎರಡು ದಿನ ಉಳಿದಿತ್ತು. ನವೆಂಬರ್ ಹದಿಮೂರು, ಬುಧವಾರ. ದೋಣಿ ನೇತ್ರಾಣಿಗೆ ಹೋಯಿತು. ಶಾಲಿನಮ್ಮ ಕುಮಟಾದಿಂದ ಬೆಳಿಗ್ಗೆಯೇ ಬಂದು ನಮ್ಮ ಸೆಟ್ಟಿನ ಎದುರು ಕೂತರು. ಗಿಡ್ಡ ಮೈ, ದಪ್ಪ ಕನ್ನಡಕ, ತೊಡೆಯ ಮೇಲೆ ಚೀಲ. ಇಲ್ಯಾಸ್ ಸಾಹೇಬರು ಒಳ್ಳೆಯ ಕುರ್ಚಿ ಕೊಟ್ಟು, ಚಹಾ ತರಿಸಿ, ತಾವು ಹೊರಗೆ ಹೋಗಿ ನಿಂತರು. ಬೆಳಗಿನ ನೆಲಗಾಳಿಯಲ್ಲಿ ಬಲಕ್ಕೆ ವಾಲಿಕೊಂಡು ಹೋದ ದೋಣಿಯಿಂದ ಅರ್ಧ ಗಂಟೆಗೊಮ್ಮೆ ಕರೆ ಬಂತು. ಒಂದೂ ತಪ್ಪಲಿಲ್ಲ. ಪ್ರತಿ ಸಲವೂ ಶಾಲಿನಮ್ಮ ಮೈಕ್ ಎತ್ತಿ, “ಹಾಂ,” ಎಂದಷ್ಟೇ ಹೇಳಿ ಕೆಳಗಿಟ್ಟರು. ಹನ್ನೆರಡೂವರೆಗೆ ನೇತ್ರಾಣಿ ಮುಟ್ಟಿದರು. ಆಗಲೂ “ಹಾಂ.”

ಉಳಿದದ್ದು ಬರುವಾಗಿನ ಕರೆ. ಒಂದು ಗಂಟೆಗೆ ಮೊದಲನೆಯದು ಬರಬೇಕಿತ್ತು. ಶಾಲಿನಮ್ಮ ಗಡಿಯಾರ ನೋಡುತ್ತ ನನಗೆ ಮಾತ್ರ ಕೇಳುವಂತೆ ಹೇಳಿದರು:

“ಇದು ಆಗೂದಿಲ್ಲ ಅಂತ ಅಂದ್ಕೊಂಡೇ ನಾನು ಶರತ್ತು ಹಾಕಿದ್ದು.”

ಸೆಟ್ಟು ಸದ್ದು ಮಾಡಿತು. “ಕಾಸರಕೋಡ, ಕಾಸರಕೋಡ, ಇದು ಚಂಪಾ. ತಿರುಗಿ ಹೊರಟೆವು. ಕೇಳ್ತದಾ?” ದನಿ ಪಕ್ಕದ ಕೋಣೆಯಿಂದ ಬಂದಷ್ಟು ಹತ್ತಿರ. ಶಾಲಿನಮ್ಮ ಮೈಕ್ ಕೈಗೆತ್ತಿಕೊಂಡರು. ಗುಂಡಿ ಒತ್ತಲಿಲ್ಲ.

“ಕಾಸರಕೋಡ, ಇದು ಚಂಪಾ. ಕೇಳ್ತದಾ?”

ನಾನು ಅವರ ಹೆಬ್ಬೆರಳನ್ನೇ ನೋಡುತ್ತಿದ್ದೆ. ಅದು ಗುಂಡಿಯ ಮೇಲಿತ್ತು, ಒತ್ತಿರಲಿಲ್ಲ. ಆ ಬೆರಳು ಹಾಗೇ ಇದ್ದರೆ ಶುಕ್ರವಾರದ ಹುಣ್ಣಿಮೆ ಕಳೆದು ಶನಿವಾರ ಗೋವಾದಿಂದ ಜನ ಬರುತ್ತಾರೆ. ಕೇಳಿತು ಎಂದು ನಾನು ಹೇಳುವಂತಿರಲಿಲ್ಲ; ಶರತ್ತಿನ ಪ್ರಕಾರ ಕೇಳಬೇಕಾದ ಕಿವಿ ನನ್ನದಲ್ಲ. ಪೆನ್ಸಿಲ್ ಹಿಡಿದುಕೊಂಡು, ಫಲದ ಕಲಂ ಖಾಲಿ ಬಿಟ್ಟೆ.

ಮೂರನೆಯ ಸಲ ಕರೆದ ಪೈ ಮಾಮ ಗುಂಡಿ ಬಿಡುವುದನ್ನು ಮರೆತರು. ಅವರು ಬಿಡುವವರೆಗೆ ಅಲ್ಲಿಯದೆಲ್ಲ ಇಲ್ಲಿಗೆ ಕೇಳುತ್ತದೆ, ಇಲ್ಲಿಯದು ಅಲ್ಲಿಗೆ ಹೋಗುವುದಿಲ್ಲ. ಹಾಯಿ ಬಡಿದುಕೊಳ್ಳುವ ಸದ್ದು ಬಂತು, ನೀರಿನ ಸದ್ದು ಬಂತು. ಆಮೇಲೆ ಅವರು ಕೊಂಕಣಿಯಲ್ಲಿ ತಾಂಡೇಲರ ಜೊತೆ ಮಾತಾಡಿದ್ದು. ನಮ್ಮ ಅಂಗಡಿಯಲ್ಲಿ ಕೆಲಸ ಮಾಡುವ ಯಾರಿಗಾದರೂ ಅರ್ಥವಾಗುವಷ್ಟು ಸರಳ ಕೊಂಕಣಿ.

“ಇಲ್ಲ ಪಾಂಡು. ಕೇಳ್ತಾ ಇಲ್ಲ.”

“ಇನ್ನೊಂದ್ಸಲ ಕರೀರಿ.”

“ಬೇಡ. ಮೂರು ಸಲ ಕರೆದಾಯ್ತು. ಕೊಟ್ಟುಬಿಡುವ. ಅವಳು ಆ ಕಲ್ಲಿನ ಮೇಲೆ ಕೂತದ್ದನ್ನು ನಾನು ನೋಡ್ಲಿಲ್ಲ, ನೀನು ನೋಡಿದ್ದೆ. ಅವಳಿಗೆ ಕೊಟ್ಟ ಮಾತು.” ಹಗ್ಗ ಜಗ್ಗಿದ ಸದ್ದು. “ದೋಣಿ ಚೆನ್ನಾಗಿ ಓಡ್ತಾ ಇದೆ ಅಲ್ಲನಾ ಇವತ್ತು? ಒಂದು ಬೀಡಿ ಕೊಡು ನೋಡುವ.”

ಟಕ್ ಎಂದು ಗುಂಡಿ ಬಿಟ್ಟ ಸದ್ದಾಯಿತು. ಶಾಲಿನಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು. ಮೈಕನ್ನು ಬಾಯಿಯ ಹತ್ತಿರ, ಬೇಕಾದದ್ದಕ್ಕಿಂತ ಹೆಚ್ಚು ಹತ್ತಿರ ಹಿಡಿದು, ಗುಂಡಿ ಒತ್ತಿದರು.

“ಕೇಳ್ತದೆ,” ಅಂದರು. “ಮೂರು ಸಲ ಕರೆದದ್ದೂ ಕೇಳ್ತದೆ, ಬೀಡಿ ಕೇಳಿದ್ದೂ ಕೇಳ್ತದೆ. ಬಿಟ್ಟು ನಾಲ್ಕು ವರ್ಷ ಆಯ್ತು ಅಂತ ದೇವರ ಮುಂದೆ ನಿಂತು ಹೇಳಿದ್ರಿ. ಬೀಡಿ ಸಮುದ್ರಕ್ಕೆ ಬಿಸಾಡಿ. ದೋಣಿ ಇರಲಿ.”

ಆ ಕಡೆಯಿಂದ ಮೊದಲು ಬಂದದ್ದು ಪಾಂಡು ತಾಂಡೇಲರ ನಗು.